ಉಕ್ತಲೇಖನ

ತೀರಿಕೊಂಡ ಅಪ್ಪನ ಎಡಗೈ ಮಡಚಿದಂತೆಯೇ ಸೆಟೆದುಹೋಗಿತ್ತು. ಅಂಗಿಯ ತೋಳಿಗೆ ಅದನ್ನು ತೂರಿಸಲು ಅತ್ತೆ ಹೆಣಗುತ್ತಿದ್ದಳು. ಇಪ್ಪತ್ತೆರಡು ವರ್ಷದ ಮೇಲೆ ಆ ಮನೆಗೆ ಬಂದ ಮಗಳು ಬಾಗಿಲಲ್ಲೇ ನಿಂತಿದ್ದಳು.

"ಅತ್ತೆ, ನಾನು ಹಿಡ್ಕೊಳ್ಳಲಾ?"

"ಈಗ ಹಿಡ್ಕೊಂಡು ಏನು ಬಂತು" ಎಂದಳು ಅಪ್ಪನ ಅಕ್ಕ, ತಲೆಯೆತ್ತದೆ.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಜೊತೆಗೆ ಕೆಲಸ ಮಾಡಿದ ನಾಲ್ವರು ಗೋಡೆಗೊರಗಿ ಕೂತಿದ್ದರು. ಅವರಲ್ಲಿ ಬೋಳುತಲೆಯವನು ಮೌನ ತಡೆಯಲಾರದೆ, "ಊರನ್ನೆಲ್ಲ ಮೇಲೆ ಕಳಿಸಿದ ಮನುಷ್ಯ, ತಾನು ಮಾತ್ರ ನೆಲಮಹಡಿ ಬಿಟ್ಟು ಕದಲಲಿಲ್ಲ. ಈಗ ನೋಡಿ, ಯಾರಿಗೂ ಹೇಳದೆ ಮೇಲೆ ಹೊರಟ" ಎಂದ. ಒಬ್ಬಿಬ್ಬರು ನಗು ಬಂದದ್ದನ್ನು ಕೆಮ್ಮಿ ಮುಚ್ಚಿಕೊಂಡರು. "ಗಾಳಿ ಬೆಳಕು ಚೆನ್ನಾಗಿದೆ, ಮಹಡಿ ಮನೆ ತಗೋ ಅಂತ ಮಾಲೀಕ ಎಷ್ಟು ಹೇಳಿದ್ರೂ ಒಪ್ಪಲಿಲ್ಲ. ಮಗಳು ಬಂದ್ರೆ ಬೀದಿಯಿಂದಲೇ ಕಾಣಬೇಕಂತೆ."

ಮಗಳಿಗೆ ಕಸಿವಿಸಿಯಾಯಿತು. "ಕರ್ಕೊಂಡು ಹೋಗೋಕೆ ಬರೋದು ನಿಲ್ಲಿಸಿದ್ದು ಅವರೇ. ಭಾನುವಾರ ನಾನು ಅವರ ಜೊತೆ ಇರಬೇಕು ಅಂತ ಕೋರ್ಟೇ ಹೇಳಿತ್ತಲ್ಲ. ನಾನು ಬೇಡವಾದೆ, ಬಿಟ್ರು."

ಗುಂಡಿ ಹಾಕುತ್ತಿದ್ದ ಅತ್ತೆಯ ಕೈ ನಿಂತಿತು.

"ಬೇಡ ಅಂದಿದ್ದು ನೀನು. ಕೈಯಾರೆ ಬರೆದುಕೊಟ್ಟಿದ್ದೀಯ. 'ಭಾನುವಾರ ಅಪ್ಪನ ಮನೆಗೆ ಹೋಗಲು ನನಗೆ ಇಷ್ಟವಿಲ್ಲ. ಅಲ್ಲಿ ನನಗೆ ಹೆದರಿಕೆ.' ಮಗೂಗೆ ಯಾರೋ ಹೇಳಿಕೊಟ್ಟಿದ್ದಾರೆ, ಕೇಸು ಬಿಡಬೇಡಿ ಅಂತ ವಕೀಲರು ಬಡ್ಕೊಂಡ್ರು. ಇವನು ಕೇಳಲಿಲ್ಲ. 'ಅಕ್ಷರ ಅವಳದೇ ಅಕ್ಕ, ಆ ಒತ್ತು ನಾನೇ ಕೈ ಹಿಡಿದು ತಿದ್ದಿಸಿದ್ದು' ಅಂದ. ಇನ್ನು ಆ ಮಗೂನ ಕೋರ್ಟ್ ಮೆಟ್ಟಿಲು ಹತ್ತಿಸಬೇಡಿ ಅಂತ ಎಲ್ಲ ಬಿಟ್ಟುಕೊಟ್ಟ. ನಿನ್ನ ಖರ್ಚಿನ ಹಣ ಮಾತ್ರ ಹದಿನೆಂಟು ತುಂಬೋವರೆಗೂ ಇವನ ಸಂಬಳದಿಂದ ಹೋಗ್ತಾನೇ ಇತ್ತು."

*

ಅವಳಿಗಾಗ ಎಂಟು ವರ್ಷ. ಅಮ್ಮ ಶಾಲೆಯಲ್ಲಿ ಟೀಚರು. ಸಂಜೆ ಅಡುಗೆಮನೆಯ ಮೇಜಿನಲ್ಲಿ ಕೂರಿಸಿ ಉಕ್ತಲೇಖನ ಬರೆಸುತ್ತಿದ್ದಳು. ಹಸು ಮೇಯುತ್ತದೆ. ಹಕ್ಕಿ ಹಾರುತ್ತದೆ. ಒಂದು ದಿನ, "ಹೊಸ ಹಾಳೆ ತಗೋ" ಎಂದು ಆ ಎರಡು ವಾಕ್ಯ ಹೇಳಿದಳು.

"ಇದು ಸುಳ್ಳಲ್ವಾ ಅಮ್ಮ?"

"ಉಕ್ತಲೇಖನದಲ್ಲಿ ಸುಳ್ಳು ನಿಜ ಇರಲ್ಲ ಪುಟ್ಟಿ. ತಪ್ಪು ಸರಿ ಅಷ್ಟೇ. ಬರಿ."

ಬರೆದಳು. ಒಂದೂ ತಪ್ಪಿರಲಿಲ್ಲ. ಅಮ್ಮ ಅಂಕ ಹಾಕದೆ ಹಾಳೆಯನ್ನು ಮಡಚಿ ಕೈಚೀಲದಲ್ಲಿಟ್ಟುಕೊಂಡಳು. ಕೆಲವು ವಾರದ ಮೇಲೆ ಒಂದು ಭಾನುವಾರ, ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ಕೂತವಳಿಗೆ, "ಒಳಗೆ ಬಾ. ಅವರಿಗೆ ನೀನು ಬೇಡವಂತೆ" ಎಂದಳು.

*

ಅಪ್ಪನ ಮನೆಯೊಳಗೆ ಬರಲೊಪ್ಪದ ಅಮ್ಮ ಬೆಳಗಿನಿಂದ ಬೀದಿಯಲ್ಲಿ ಕಾರಿನೊಳಗೇ ಕೂತಿದ್ದಳು. ಮಗಳು ಕಿಟಕಿಗೆ ಬಗ್ಗಿದಳು.

"ಆ ಉಕ್ತಲೇಖನ ಕೋರ್ಟಿಗೆ ಕೊಟ್ಯಾ?"

ಯಾವುದು ಎಂದು ಅಮ್ಮ ಕೇಳಲಿಲ್ಲ. "ವಾರವಾರ ಆ ಮನೆಯಿಂದ ಕುಣೀತಾ ಬರ್ತಿದ್ದೆ ನೀನು. ಒಂದು ದಿನ ಅಲ್ಲೇ ಇರ್ತೀನಿ ಅಂದುಬಿಟ್ಟಿದ್ರೆ ನಾನೇನು ಮಾಡಬೇಕಿತ್ತು?"

"ನನ್ನ ಕೇಳಬೇಕಿತ್ತು."

ಅಷ್ಟರಲ್ಲಿ ಶವ ಒಯ್ಯುವ ವ್ಯಾನು ಬಂತು. ಅಮ್ಮ ಇಳಿದು ಕಾರಿನ ಇನ್ನೊಂದು ಬಾಗಿಲು ತೆರೆದಳು. "ಮುಖ ನೋಡಿಯಾಯ್ತಲ್ಲ. ಹತ್ತು, ಹೋಗೋಣ."

ಅಪ್ಪನನ್ನು ಒಳಗಿಟ್ಟ ಮೇಲೆ ಅತ್ತೆ ಹತ್ತಿ ಕೂತಳು. ಮಗಳು ವ್ಯಾನಿನ ಹತ್ತಿರ ಹೋದಳು. "ಬರೆದಿದ್ದು ನಾನೇ ಅತ್ತೆ. ಆದರೆ ಅದು ನನ್ನ ಮಾತಲ್ಲ" ಎಂದಳು. ಅತ್ತೆ ಅವಳನ್ನೇ ನೋಡಿದಳು. ಸೀಟಿನಲ್ಲಿ ಆಚೆ ಸರಿದು ಅವಳಿಗೆ ಜಾಗ ಬಿಟ್ಟಳು.

ವ್ಯಾನು ಹೊರಟಿತು. ಕಾರಿನ ಬಾಗಿಲು ಕಿರುಬೀದಿಗೆ ಅಡ್ಡವಾಗಿ ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಅಮ್ಮ ತೆರೆದ ಬಾಗಿಲನ್ನು ಹಿಡಿದುಕೊಂಡು ನಿಂತೇ ಇದ್ದಳು.