ದ್ವೀಪಕ್ಕೆ ಹೊರಟ ತಿರುಪಿನ ತಂಬಿಗೆ

ನಾನು ಒಂದು ಹಿತ್ತಾಳೆಯ ತಂಬಿಗೆ. ಬಾಯಿಗೆ ತಿರುಪಿನ ಮುಚ್ಚಳ ಇರುವುದರಿಂದ ತಿರುಪಿನ ತಂಬಿಗೆ ಎನ್ನುತ್ತಾರೆ. ಗದಗಿನ ಕಂಚುಗಾರನೊಬ್ಬ ಎರಡು ದಿನ ಬಡಿದು ನನ್ನ ಹೊಟ್ಟೆ ಮಾಡಿದ. ಮುಚ್ಚಳ ಕೂಡಿಸಲು ಇನ್ನೆರಡು ದಿನ ಹಿಡಿಯಿತು. ತಲೆಕೆಳಗು ಮಾಡಿದರೂ ಒಂದು ಹನಿ ಸೋರದಿದ್ದಾಗ ಮೀಸೆಯಲ್ಲೇ ನಕ್ಕ.

ನನ್ನನ್ನು ಕೊಂಡವಳು ರಾಚವ್ವ. ಅವಳ ಹೆಗಲಿಗೆ ಜೋತುಬಿದ್ದು ಹನ್ನೊಂದು ಸಲ ಶ್ರೀಶೈಲ ಕಂಡೆ. ಅವಳು ತೀರಿಕೊಂಡ ಮೇಲೆ ಹೆಣ್ಣುಮಕ್ಕಳಿಬ್ಬರು ಸೀರೆ, ಪಾತ್ರೆ ಹಂಚಿಕೊಳ್ಳಲು ಕೂತರು. ನನ್ನ ಸರದಿ ಬರುವ ಮೊದಲೇ ಹಿರಿಯವಳು ನಿಂಬವ್ವ ನನ್ನನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಅವ್ವ ಕಡೀಕ ನೀರು ಕುಡದದ್ದು ನನ್ನ ಕೈಲೆ, ಆ ತಂಬಿಗೀಲೆ," ಎಂದಳು ಕಿರಿಯವಳು ಶಂಕ್ರವ್ವ. ಅಷ್ಟೇ. ಒಂದೇ ಊರಿನ ಉತ್ತರದ ತುದಿಗೆ ಒಬ್ಬಳು, ದಕ್ಷಿಣದ ತುದಿಗೆ ಒಬ್ಬಳು. ನಾಲ್ಕು ವರ್ಷ ಮಾತಿಲ್ಲ.

ಶಂಕ್ರವ್ವನ ಮಗ ಫಕೀರೇಶ ದೂರದ ಒಂದು ಪುಟ್ಟ ದ್ವೀಪದ ಆಸ್ಪತ್ರೆಯಲ್ಲಿ ನರ್ಸ್. ಅವನು ದೊಡ್ಡವ್ವನಿಗೆ ಫೋನು ಮಾಡಿದ. "ದ್ವೀಪಕ್ಕ ಬರಾಕ ಇಬ್ಬರದೂ ಪರವಾನಗಿ ತಗಸೀನಿ. ಎಂಟು ದಿನ ಆರಾಮ ಇದ್ದು ಹೋಗ್ರಿ. ಅವ್ವ ಒಲ್ಲೆ ಅಂತಾಳ. ಒಬ್ಬಾಕಿನ ಬಂದ್ರ ಹಂಗ ಹೊಳ್ಳಿ ಕಳಸ್ತೀನಿ ನೋಡು."

ಎಂಟು ದಿನ ಕಸ ಹೊಡೆಯದೆ, ಒಲೆ ಹಚ್ಚದೆ, ಸುಮ್ಮನೆ ಕೂತು ಸಮುದ್ರ ನೋಡಬೇಕೆಂಬುದು ನಿಂಬವ್ವನ ಆಸೆ. ತಂಗಿಯನ್ನು ಕರೆಯಲು ಮಾತ್ರ ಬಾಯಿ ಬರಲಿಲ್ಲ. ಕರೆಯದೆಯೇ ತಯಾರಿಗೆ ನಿಂತಳು. ಅಲ್ಲಿ ಜೋಳ ಸಿಗುವುದಿಲ್ಲವೆಂದು ವಾರಗಟ್ಟಲೆ ಕೆಡದ ಕಟಕ ರೊಟ್ಟಿ ಬಡಿದಳು. ಸುತ್ತಲೂ ಉಪ್ಪುನೀರು, ಕುಡಿಯಲು ಏನು ಮಾಡುತ್ತಾರೋ ಎಂದು ನನ್ನನ್ನು ತೊಳೆದಿಟ್ಟಳು. ಆಮೇಲೆ ಪಂಚಾಂಗ ಕೇಳಲು ಹೋದಳು.

"ಗುರುವಾರ ದಕ್ಷಿಣಕ್ಕ ಶೂಲಿ ಐತವ್ವ, ಆ ದಿಕ್ಕಿಗೆ ಹೊಂಡಬಾರದು," ಎಂದರು ಮಠದ ಅಯ್ಯನವರು. ಹಡಗು ಹಿಡಿಯಬೇಕಾದರೆ ಗುರುವಾರವೇ ದಕ್ಷಿಣಕ್ಕೆ ಹೋಗುವ ರೈಲು ಹತ್ತಬೇಕು. "ಹಂಗಾದ್ರ ಬುಧವಾರನ ಪರಸ್ಥಾನ ಇಡು."

ಹಾದಿಗೆ ಬೇಕಾಗುವ ಒಂದು ವಸ್ತುವನ್ನು ಒಳ್ಳೆಯ ದಿನ ಹೊರಗೆ ಒಯ್ದು, ಹೋಗುವ ದಿಕ್ಕಿನ ಇನ್ನೊಬ್ಬರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಅಂದೇ ಶುರುವಾದಂತೆ. ಹೊರಡುವಾಗ ಅದನ್ನು ಎತ್ತಿಕೊಂಡು ಹೋದರಾಯಿತು. ದಕ್ಷಿಣಕ್ಕಿದ್ದ ಕಡೆಯ ಮನೆ ಶಂಕ್ರವ್ವನದು. ಹಾದಿಗೆ ಬೇಕಾದ ವಸ್ತು ನಾನು.

ಶಂಕ್ರವ್ವ ಶೇಂಗಾ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಏನ ಹೊಸಾದು? ಈ ಓಣಿ ದಾರಿ ಗೊತ್ತಿತ್ತೇನ?"

"ಪರಸ್ಥಾನ ಇಡಾಕ ಬಂದೀನಿ. ನಾಳೆ ಹೋಗೂಮುಂದ ಒಯ್ತೀನಿ."

"ಮತ್ತೊಂದ ಮನಿ ಸಿಗಲಿಲ್ಲ?"

"ಇದರಾಚೆ ಬರೇ ಹೊಲ. ಅಲ್ಲಿಟ್ರ ಯಾರರ ಒಯ್ತಾರ."

"ಇಲ್ಲಿಟ್ರ ನಾ ಒಯ್ತೀನಿ ಅನ್ನೂ ಅಂಜಿಕಿ ಇಲ್ಲೇನ?"

ನಿಂಬವ್ವ "ಐತಿ," ಎಂದು ನನ್ನನ್ನು ಕಟ್ಟೆಯ ಮೇಲಿಟ್ಟು ಹೋದಳು.

ಶಂಕ್ರವ್ವ ನನ್ನನ್ನು ಒಳಗೆ ಒಯ್ದಳು. ತೊಳೆದು ಹೊಳೆಯುತ್ತಿದ್ದ ನನ್ನನ್ನೇ ಮತ್ತೆ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ನೀರು ತುಂಬಿ ಎರಡು ಗುಟುಕು ಕುಡಿದಳು. ಆಮೇಲೆ ಹಿಟ್ಟು ನಾದಲು ಕೂತಳು.

ಗುರುವಾರ ಬೆಳಗ್ಗೆ ನಿಂಬವ್ವ ಚೀಲ ಹೊತ್ತು ಬಂದು ಕೈ ಚಾಚಿದಳು. "ಕೊಡು."

"ಕೊಡಂಗಿಲ್ಲ. ನನ್ನ ಚೀಲದಾಗ ಐತಿ."

ನಿಂಬವ್ವ ಬಾಗಿಲಲ್ಲಿದ್ದ ಚೀಲ ನೋಡಿದಳು, ತಂಗಿ ಉಟ್ಟಿದ್ದ ಇಳಕಲ್ ಸೀರೆ ನೋಡಿದಳು. "ರೊಟ್ಟಿ ಎಷ್ಟ ಮಾಡೀದಿ?" ಎಂದಳು.

"ನಲವತ್ತು."

"ನಂದು ಅರವತ್ತು. ನೂರು ರೊಟ್ಟಿ ತಿನ್ನಾಕ ದ್ವೀಪಕ್ಕ ಹೊಂಟೀವೇನಲೇ ಶಂಕ್ರಿ?"

ಹಡಗಿನಲ್ಲಿ ಇಬ್ಬರೂ ನನ್ನೊಳಗಿನ ನೀರನ್ನು ತುಟಿ ಒದ್ದೆಯಾಗುವಷ್ಟೇ ಕುಡಿದರು, ಮುಗಿದೀತೆಂದು. ದ್ವೀಪದಲ್ಲಿ ಇಳಿದಾಗ ನನ್ನೊಳಗೆ ಅರ್ಧ ನೀರಿತ್ತು. ಫಕೀರೇಶ ನಕ್ಕು, ಮನೆಯ ಹಿಂದಿನ ಸಿಹಿನೀರಿನ ಬಾವಿ ತೋರಿಸಿದ. ಎಂಟು ದಿನ ಇಬ್ಬರೂ ತೆಂಗಿನ ನೆರಳಲ್ಲಿ ಕೂತು ಸಮುದ್ರ ನೋಡಿದರು, ಜಗಳಾಡಿದರು, ನಿದ್ದೆ ಮಾಡಿದರು.

ಹೊರಡುವ ದಿನ ನಿಂಬವ್ವ ನನ್ನನ್ನು ಶಂಕ್ರವ್ವನ ಚೀಲಕ್ಕೆ ಹಾಕಿದಳು. ಶಂಕ್ರವ್ವ ತೆಗೆದು ಅಕ್ಕನ ಚೀಲಕ್ಕೆ ಹಾಕಿದಳು. ಮೂರು ಸಲ ಹೀಗಾಯಿತು. ಹಡಗಿಗೆ ಹೊತ್ತಾಯಿತೆಂದು ಫಕೀರೇಶ ನನ್ನನ್ನು ಕಸಿದು ತನ್ನ ಮನೆಯ ಕಿಟಕಿಯಲ್ಲಿಟ್ಟ.

ಈಗ ಅಲ್ಲೇ ಇದ್ದೇನೆ. ಉಪ್ಪುಗಾಳಿಗೆ ಮೈ ಹಸಿರಾಗಿದೆ, ತಿರುಪು ಬಿಗಿದಿದೆ. ನನ್ನಂಥವರಿಗೆ ಒಡೆಯರು ಒಬ್ಬರೇ ಇರಬೇಕೆಂದು ತಿಳಿದಿದ್ದೆ. ಇಬ್ಬರೂ ಬೇಡವೆಂದ ದಿನ ನನಗೆ ಬೇಸರವಾಗಲಿಲ್ಲ. ಈ ವರ್ಷವೂ ಇಬ್ಬರಿಗೂ ಪರವಾನಗಿ ಬಂದಿದೆ. ಶಂಕ್ರವ್ವನ ಮೊಣಕಾಲು ನೋವಂತೆ. ಅವಳಿಲ್ಲದೆ ನಿಂಬವ್ವ ಹಡಗು ಹತ್ತುವುದಿಲ್ಲವಂತೆ. ಮೊಣಕಾಲು ನೆಟ್ಟಗಾಗಲೆಂದು ಕಾಯುತ್ತಿದ್ದೇನೆ.