ಮೂರನೇ ಹರಳಿಗೆ ಟೀ ಸಕ್ಕರೆ

ಮೊದಲನೇ ಹರಳು ಗ್ಲಿಸರಾಲ್‌ಗೆ ಬಿದ್ದು ನಾಲ್ಕು ಸೆಕೆಂಡೂ ಆಗಿರ್ಲಿಲ್ಲ, ನಡುಮಧ್ಯಕ್ಕೆ ಸೀಳ್ಕೊಂಡ್ತು. ಚೇತನ್‌ಕುಮಾರ್ ಮೈಕ್ರೋಸ್ಕೋಪಿಂದ ಕಣ್ಣು ತೆಗೀಲಿಲ್ಲ. ತೆಗುದ್ರೆ ಅಳು ಗ್ಯಾರಂಟಿ.

"ಏನ್ಲಾ, ಟೈಟಲ್ ಕಾರ್ಡಲ್ಲೇ ಹೀರೋ ಔಟಾ?" ಅಂದ ಮಲ್ಲೇಶ್.

"ಹೀರೋ ಅಲ್ಲಣ್ಣ, ಹೀರೋ ಫ್ರೆಂಡು. ಇನ್ನಿಬ್ರವ್ರೆ."

ಬಾಯಲ್ಲಿ ಡೈಲಾಗು, ಕಣ್ಣು ಉಳಿದೆರಡು ಹರಳಿನ ಮೇಲೆ.

ಮಲ್ಲೇಶ್ ಚೇತನ್ ಊರಿನೋನು, ಹುಣಸೂರು ಸುತ್ತಮುತ್ತ ಹಸುಗಳಿಗೆ ಗರ್ಭ ಕಟ್ಟಿಸೋ ಇಂಜೆಕ್ಷನ್ ಹಾಕೋನು. ಹೋರಿ ವೀರ್ಯದ ಕಡ್ಡಿಗಳು ಕೆಡದಂಗೆ ಇಡೋಕೆ ಅವನ ರೂಮಲ್ಲಿ ದ್ರವ ಸಾರಜನಕದ ಕ್ಯಾನಿತ್ತು. ಒಳಗೆ ಮೈನಸ್ ನೂರತೊಂಬತ್ತಾರು ಡಿಗ್ರಿ. ಮೈಸೂರಲ್ಲಿ ಪಿಎಚ್‌ಡಿ ಮಾಡ್ತಿದ್ದ ಚೇತನ್ ಲ್ಯಾಬಲ್ಲಿ ಅದೇ ಸಾರಜನಕ ಖಾಲಿ. ಲಾರಿ ಬರೋದು ಸೋಮವಾರ, ಹರಳುಗಳು ಎಕ್ಸ್-ರೇ ಹೊಡಿಸ್ಕೊಳ್ಳೋಕೆ ಹೋಗೋ ಪೆಟ್ಟಿಗೆ ಹೊರಡೋದು ನಾಳೆ ಬೆಳಿಗ್ಗೆ. ಅದಕ್ಕೇ ಮೈಕ್ರೋಸ್ಕೋಪನ್ನ ಬ್ಯಾಗಿಗೆ ತುರುಕಿ, ಹರಳಿನ ತಟ್ಟೇನ ತೊಡೆ ಮೇಲೆ ಮಗೂ ತರ ಕೂರಿಸ್ಕೊಂಡು ಬಸ್ಸಲ್ಲಿ ಮಲ್ಲೇಶ್ ರೂಮಿಗೆ ಬಂದಿದ್ದ.

ಹೊಗೆಸೊಪ್ಪಿನ ಎಲೇಲಿರೋ ಒಂದು ಪ್ರೊಟೀನು, ಅದರ ಬೆನ್ನಿಗೆ ಐದು ವರ್ಷ. ಸಿಕ್ಕಿದ್ದು ಮೂರೇ ಹರಳು, ಒಂದೊಂದೂ ಸಕ್ಕರೆ ಪುಡಿಗಿಂತ ಸಣ್ಣ. ಇನ್ನೊಂದ್ಸಲ ಬೆಳೆಸೋಕೆ ಪ್ರೊಟೀನೂ ಉಳಿದಿಲ್ಲ. ಗೈಡ್ ರೂಪಶ್ರೀ ಮೇಡಂ ಮುಂದಿನ ತಿಂಗಳು ರಿಟೈರು. "ಒಂದಾದ್ರೂ ನೆಟ್ಟಗೆ ಫ್ರೀಜ್ ಮಾಡ್ಕೊಂಡು ಬಾ. ಇಲ್ದಿದ್ರೆ ಥೀಸಿಸ್ ಮರೆತುಬಿಡು" ಅಂದಿದ್ರು.

ಫ್ರೀಜ್ ಆಗ್ದಿದ್ರೆ ಎಕ್ಸ್-ರೇ ಏಟಿಗೆ ಹರಳು ಹಾಳು. ಆದ್ರೆ ಹರಳಲ್ಲಿ ಅರ್ಧಕ್ಕರ್ಧ ನೀರು. ಸುಮ್ನೆ ಸಾರಜನಕಕ್ಕೆ ಅದ್ದಿದ್ರೆ ನೀರು ಐಸಾಗಿ ಒಳಗಿಂದಾನೇ ಒಡೆದಾಕ್ತದೆ. ಮೊದಲು ಗ್ಲಿಸರಾಲ್ ತರದ ಯಾವುದಾದ್ರೂ ಪಾಕದಲ್ಲಿ ನೆನೆಸಿದ್ರೆ ಅದೇ ನೀರು ಐಸಾಗದೆ ಗಾಜಿನಂಗೆ ಕೂರ್ತದೆ. ಯಾವ ಪಾಕ ಅನ್ನೋದೇ ತಲೆನೋವು.

"ನೀ ಒಂದೇ ಸಲ ಮುಳುಗಿಸ್ಬುಟ್ಟೆ, ಅದಕ್ಕೇ ಅಂಗಾಯ್ತು," ಅಂದ ಮಲ್ಲೇಶ್. "ವೀರ್ಯಕ್ಕೂ ಗ್ಲಿಸರಾಲ್ ಸೊಲ್ಪ ಸೊಲ್ಪಾನೇ ಬುಡೋದಂತೆ. ಟ್ರೈನಿಂಗಲ್ಲಿ ಹೇಳಿದ್ರು."

ಎರಡನೇ ಹರಳಿಗೆ ಚೇತನ್ ಅಂಗೇ ಮಾಡ್ದ. ಐದು ಪರ್ಸೆಂಟು, ಹತ್ತು... ಹದಿನೈದಕ್ಕೆ ಹರಳಿನ ಮೂಲೆಗಳು ದುಂಡಗಾದ್ವು. ನೋಡ್ತಾ ನೋಡ್ತಾ ಹರಳೇ ಇಲ್ಲ.

"ಎಲ್ಲೋಯ್ತ್ಲಾ?"

"ಕರಗೋಯ್ತಣ್ಣ." ಚೇತನ್ ಹಣೆ ಚಚ್ಕೊಂಡ. ಹರಳು ಬೆಳ್ದಿದ್ದು ಮಂದನೆ ಉಪ್ಪುನೀರಲ್ಲಿ. ಗ್ಲಿಸರಾಲ್ ಸುರಿದಷ್ಟೂ ಉಪ್ಪು ತೆಳ್ಳಗಾಗ್ತದೆ, ಉಪ್ಪು ತೆಳ್ಳಗಾದ್ರೆ ಹರಳು ನಿಲ್ಲಲ್ಲ. ಜೂನಿಯರ್‌ಗಳಿಗೆ ಬೈದು ಬೈದು ಕಲಿಸಿದ ಪಾಠ. ಗಾಬರೀಲಿ ಅವನೇ ಮರ್ತಿದ್ದ.

ಮಲ್ಲೇಶ್ ಫೋನು ಬಡ್ಕೊಂಡ್ತು. ಗುರುಪುರದ ಬೀರಮ್ಮ. ಸ್ಪೀಕರ್ ಬೇಕೇ ಇರ್ಲಿಲ್ಲ.

"ಲೇ ಮಲ್ಲೇಶ, ಬೆಳಿಗ್ಗೆಯಿಂದ ಹಸ ಬೆದೆಗೆ ಬಂದು ಅರಚ್ತಾ ಅದೆ ಕಣ್ಲಾ! ನೀ ಸಿಂಗಾರ ಮಾಡ್ಕೊಂಡು ಬರೋಗಂಟ ನಿಂತಿರ್ತದಾ?"

"ಬಂದೆ ಕಣವ್ವ, ದಾರೀಲಿವ್ನಿ," ಅಂತ ಮಂಚದ ಮೇಲೆ ಕೂತೇ ಸುಳ್ಳು ಬುಟ್ಟ. ಆಮೇಲೆ ಚೇತನ್ ಕಡೆ ತಿರುಗಿ, "ಹತ್ತೇ ನಿಮಿಷ ಕಣ್ಲಾ. ಇರೋದೊಂದೇ ಕ್ಯಾನು, ನಾನ್ ತಕ್ಕೊಂಡೋಗ್ಲೇಬೇಕು."

ಚೇತನ್ ಬ್ಯಾಗಲ್ಲಿದ್ದ ಬಾಟ್ಲಿಗಳನ್ನ ನೋಡ್ದ. ಎಲ್ಲಾ ದ್ರವ, ಎಲ್ಲಾ ಉಪ್ಪನ್ನ ತೆಳ್ಳಗೆ ಮಾಡೋ ನನ್ ಮಕ್ಳೇ. ಒಣಗಿರೋದು ಏನಾದ್ರೂ ಬೇಕು. ಉಪ್ಪುನೀರಿಗೇ ನೇರ ಬೆರೀಬೇಕು.

ಸ್ಟವ್ ಪಕ್ಕ ಸಕ್ಕರೆ ಡಬ್ಬ ಇತ್ತು.

"ಅಣ್ಣ, ಇದ್ರಲ್ಲಿ ಇರುವೆ ಅವೆ."

"ಟೀಲೂ ಇರ್ತವೆ. ಯಾರ್ ಸತ್ತವ್ರೆ?"

ಇರುವೆ ಊದಿ ಓಡ್ಸಿ, ಸಕ್ಕರೇನ ಹರಳಿನ ತಟ್ಟೇಲಿದ್ದ ಅದೇ ಉಪ್ಪುನೀರಲ್ಲಿ ಕರಗೋವಷ್ಟೂ ಕರಗಿಸ್ದ. ಮೂರನೇ ಹರಳನ್ನ ಕೂದಲಿನಷ್ಟು ತೆಳು ಕುಣಿಕೇಲಿ ಎತ್ತಿ ಆ ಪಾಕಕ್ಕೆ ಬುಟ್ಟ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ಸೀಳ್ಲಿಲ್ಲ, ಕರಗ್ಲೂ ಇಲ್ಲ. ಎತ್ತಿ ಸಾರಜನಕಕ್ಕೆ ಅದ್ದಿ, ಹೊಗೆ ಸರಿಸಿ ನೋಡ್ದ. ಬೆಳ್ಳಗಾಗಿದ್ರೆ ಐಸು, ಕಥೆ ಖತಂ. ಗಾಜಿನಂಗೆ ತಿಳಿಯಾಗಿತ್ತು.

ಕೂಗೋಕೂ ಟೈಮಿಲ್ಲ. ಹರಳನ್ನ ಕ್ಯಾನೊಳಗೆ ಕಡ್ಡಿ ಇಡೋ ಒಂದು ಖಾಲಿ ಕೊಳವೆಗೆ ಇಳಿಸಿದ್ರು. ಬೀರಮ್ಮನ ಕೆಲಸ ಮುಗುದ್ಮೇಲೆ ಕ್ಯಾನು ಚೇತನ್‌ದು ಅಂತ ಮಾತಾಯ್ತು. ಚೇತನ್ ಬೈಕ್ ಹಿಂದೆ ಕ್ಯಾನ್ ತಬ್ಕೊಂಡು ಕೂತ. ಒಂದೊಂದು ರೋಡ್ ಹಂಪ್‌ಗೂ "ಮೆಲ್ಲುಕೆ ಅಣ್ಣೋ!"

ಗುರುಪುರದಲ್ಲಿ ಬೀರಮ್ಮ ಬೈತಾನೇ ಇದ್ಲು, ಹಸ ಒದೀತಾನೇ ಇತ್ತು. ಮಲ್ಲೇಶ್ ಆತುರದಲ್ಲಿ ಕೊಳವೆ ಎತ್ತಿ, ಬಿಸಿಲಿಗೆ ಹಿಡಿದು, ಕಡ್ಡಿ ಹುಡುಕ್ತಾ ನಿಂತ.

"ಅದಲ್ಲಣ್ಣ! ಅದು ನಂದು! ಇಳ್ಸು!"

ಮಲ್ಲೇಶ್ ಬೆಚ್ಚಿ ಇಳಿಸ್ದ. "ಎಷ್ಟೊತ್ತಾಯ್ತ್ಲಾ?"

ಐದು ಸೆಕೆಂಡಾ? ಹದಿನೈದಾ? ಇಬ್ರಿಗೂ ಗೊತ್ತಿಲ್ಲ.

"ಒಂದ್ಸಲ ಎತ್ತಿ ನೋಡ್ಬುಡು," ಅಂದ ಮಲ್ಲೇಶ್.

"ನೋಡೋಕೆ ಎತ್ತಿದ್ರೆ, ಬದುಕಿದ್ರೂ ಸಾಯ್ತದೆ."

ಮಲ್ಲೇಶ್ ಬೇರೆ ಕೊಳವೆಯಿಂದ ಕಡ್ಡಿ ತಕ್ಕೊಂಡು ಹಸದ ಕಡೆ ಹೋದ. ಚೇತನ್ ತನ್ನ ಕೊಳವೆ ಹಿಡಿ ಮೇಲೆ ಬೆರಳಿಟ್ಟ. ಒಂದಿಂಚು ಎತ್ತಿ, ಮತ್ತೆ ಬುಟ್ಟ. ಆಮೇಲೆ ಮೇಡಂಗೆ ಫೋನ್ ಹಚ್ಚಿದ. ಯಾವ ಡೈಲಾಗೂ ಬಾಯಿಗೆ ಬರ್ಲಿಲ್ಲ.

"ಒಂದಿದೆ ಮೇಡಂ. ಸಕ್ಕರೇಲಿ. ತಿಳಿಯಾಗೇ ಇತ್ತು. ಆಮೇಲೆ ಒಂದ್ಸಲ ಆಚೆ ಬಂದಿದೆ, ಎಷ್ಟೊತ್ತು ಅಂತ ಗೊತ್ತಿಲ್ಲ."

ಕ್ಯಾನಿನ ಮುಚ್ಚಳ ಹಾಕ್ದ.

"ಮೇಡಂ? ಪೆಟ್ಟಿಗೇಲಿ ಜಾಗ ಕೊಡ್ತೀರಾ?"

"ಎಲ್ಲಿದ್ದೀಯ?"

"ಗುರುಪುರ. ಕೊಟ್ಟಿಗೇಲಿ."

"ಮುಚ್ಚಳ ತೆಗೀಬೇಡ," ಅಂದ್ರು ಮೇಡಂ. "ಕಾರ್ ತಗೊಂಡು ನಾನೇ ಬರ್ತಿದ್ದೀನಿ."

ಚೇತನ್ ಮುಚ್ಚಳದ ಮೇಲೆ ಎರಡೂ ಕೈ ಒತ್ಕೊಂಡು ಸಗಣಿ ನೆಲದಲ್ಲೇ ಕೂತ.