ಬಲಕ್ಕೆ ಬರುವ ಕೈ

ಹಜೀರಾಬೀಗೆ ಮುಖಗಳು ನೆನಪಿರುವುದಿಲ್ಲ, ಕೈಗಳು ನೆನಪಿರುತ್ತವೆ. ಎಪ್ಪತ್ತಮೂರರ ಈ ವಯಸ್ಸಿನಲ್ಲಿ ಆಕೆಯ ಸ್ಮೃತಿಯೆಂಬುದು ದಾವಣಗೆರೆಯ ನಲ್ಲಿ ನೀರಿನ ಹಾಗೆ. ಬಂದ ದಿನ ಬಂತು, ಬಾರದ ದಿನ ಇಲ್ಲ. ಸೊಸೆ ನುಜತ್‌ಳನ್ನು ತೀರಿಹೋದ ತಂಗಿಯ ಹೆಸರಿನಿಂದ ಕರೆಯುತ್ತಾಳೆ. ಮಗ ಆಸಿಮ್ ಉಂಡು ಕೈ ತೊಳೆಯುತ್ತಿರುವಾಗಲೇ ಊಟ ಆತೇನಪ್ಪ ಎಂದು ಕೇಳುತ್ತಾಳೆ. ಆದರೆ ಯಾರದಾದರೂ ಕೈಯನ್ನು ಆಕೆಯ ಅಂಗೈಯಲ್ಲಿ ಇಟ್ಟು ನೋಡಿ. ಕಣ್ಣು ಮುಚ್ಚಿಕೊಂಡು, ನಾಲ್ಕು ಬೆರಳನ್ನೂ ಒಟ್ಟುಗೂಡಿಸಿ ಒಮ್ಮೆ ಹಿಸುಕಿ, ‘ಎರಡು-ಆರು. ಮಂಡಿಪೇಟೆ ನಾಗಕ್ಕನ ಮಗಳು, ಹೌದೋ ಅಲ್ಲೋ’ ಎನ್ನುತ್ತಾಳೆ. ಎರಡು-ಆರು ಎಂಬುದು ಬಳೆಯ ಅಳತೆ. ‘ಹೌದೋ ಅಲ್ಲೋ’ ಎಂಬುದು ಆಕೆಯ ಪ್ರತಿ ಮಾತಿನ ಬಾಲ. ಐವತ್ತೈದು ವರ್ಷ ಬಳೆ ತೊಡಿಸಿದವಳಿಗೆ ಆ ಬಾಲದ ಅಗತ್ಯ ಕೈಯ ವಿಷಯದಲ್ಲಿ ಒಮ್ಮೆಯೂ ಬಿದ್ದಿರಲಿಲ್ಲ.

ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಹದಡಿ, ಮಾಯಕೊಂಡಗಳ ಓಣಿ ಓಣಿ ತಿರುಗಿದ ಕಾಲದಲ್ಲಿ ಎಡಕ್ಕೆ ವಾಲಿದ ಮೈ, ಮಲಾರ ಇಳಿಸಿ ಹತ್ತು ವರ್ಷವಾದರೂ ನೆಟ್ಟಗಾಗಿಲ್ಲ. ಇಲ್ಲದ ಭಾರವನ್ನು ಹೊತ್ತುಕೊಂಡೇ ನಡೆಯುತ್ತಾಳೆ. ಸೀರೆಯ ಮೇಲೆ ಗಂಡ ಜಮಾಲ್ ಸಾಬ್‌ನ ಕಂದು ಕೋಟು, ಬೇಸಗೆಯಲ್ಲೂ. ಅದರ ಜೇಬಿನಲ್ಲಿ ಅಳತೆಗೊಂದರಂತೆ ಗಾಜಿನ ಬಳೆಗಳು ಕಿಣಿಕಿಣಿ ಎನ್ನುವುದರಿಂದ ಆಕೆ ಬರುವ ಮೊದಲೇ ಓಣಿಗೆ ಸುದ್ದಿ ಬರುತ್ತದೆ. ಇನ್ನು ಆಕೆಯ ಎರಡು ಹಟಗಳು. ಚಾಪೆಯ ಮೇಲೆ ಎದುರುಬದುರು ಕೂತು, ತನ್ನ ಬಲಕ್ಕೆ ಬರುವ ಕೈಯನ್ನೇ ಮೊದಲು ಹಿಡಿಯಬೇಕು. ಮತ್ತು ಕೈಯ ಗುಟ್ಟನ್ನು ಬಾಯಿಗೆ ತರಬಾರದು. ಹಿಸುಕಿದ ಕೈ ಎಷ್ಟೋ ಹೇಳುತ್ತದೆ. ಯಾರ ಮನೆಯಲ್ಲಿ ಯಾರು ನೀರು ಸೇದುತ್ತಾರೆ, ಯಾರ ಮುಂಗೈಗೆ ಪೆಟ್ಟು ಬಿದ್ದಿದೆ ಎಂಬುದೆಲ್ಲ ಬಳೆಯವಳಿಗೆ ತಿಳಿಯುತ್ತದೆ. ತಿಳಿದದ್ದನ್ನು ಆಡಿದ್ದರೆ ಆಕೆಗೆ ಯಾವ ಮನೆಯ ಬಾಗಿಲೂ ತೆರೆಯುತ್ತಿರಲಿಲ್ಲ.

ಚೌಕಿಪೇಟೆಯ ಕಸ್ತೂರಮ್ಮನ ಬಾಗಿಲಂತೂ ಸದಾ ತೆರೆದಿತ್ತು. ಗಂಡ, ಅರಳೆ ವ್ಯಾಪಾರದ ವಾಮದೇವಪ್ಪ ತೀರಿಕೊಂಡ ಮೇಲೆ ಕಸ್ತೂರಮ್ಮನ ಕೈ ಬಳೆಯಿಲ್ಲದೆ ಬರಿದಾದರೂ, ಸೋಮವಾರ ಹಜೀರಾಬೀ ಹೋಗುವುದು, ಇಬ್ಬರೂ ಮಂಡಕ್ಕಿ ತಿಂದು ಚಹಾ ಕುಡಿಯುವುದು ತಪ್ಪಲಿಲ್ಲ. ಕಸ್ತೂರಮ್ಮನ ಒಬ್ಬಳೇ ಮಗಳು ನಯನಾ ಇಪ್ಪತ್ತಾರು ವರ್ಷದ ಹಿಂದೆ, ಅಪ್ಪ ಒಪ್ಪದ ಹುಡುಗನ ಜತೆ ಹೋದವಳು ತಿರುಗಿ ಬಂದಿರಲಿಲ್ಲ. ಆಮೇಲೆ ತಾಯಿಯ ಕಣ್ಣೂ ಹೋಯಿತು. ಕಳೆದ ವರ್ಷ ಒಬ್ಬಾಕೆ ಬಂದು, ನಾನೇ ನಯನಾ ಎಂದು ಕಾಲಿಗೆ ಬಿದ್ದು ಅತ್ತಳು. ಹಿತ್ತಿಲ ಬಾವಿಯಿಂದ ಅಜ್ಜಿಯೂರು ಕೊಕ್ಕನೂರಿನ ಹುಣಸೆಮರದವರೆಗೆ ಎಲ್ಲವನ್ನೂ ಒಪ್ಪಿಸಿದಳು. ಮಗಳು ಬಂದ ಸಂತೋಷಕ್ಕೆ ಬಳೆ ಇಡಿಸಲು ಹಜೀರಾಬೀಗೆ ಹೇಳಿಕಳಿಸಿದರು. ಆಕೆ ಚಾಪೆಯ ಮೇಲೆ ಕೂತು, ಕೈ ಹಿಸುಕಿ, ‘ಇದು ನಮ್ಮ ನಯನಾನ ಕೈ ಅಲ್ಲ’ ಎಂದಳು.

ಆಕೆ ಹೇಳದೆ ಉಳಿಸಿಕೊಂಡ ಗುಟ್ಟು ಇಷ್ಟು: ನಯನಾಳ ಒಂದು ಕೈಯಲ್ಲಿ, ಕಿರುಬೆರಳಿನ ಬುಡದಲ್ಲಿ, ಜೋಳದ ಕಾಳಿನಷ್ಟು ಎಲುಬು ಹೆಚ್ಚಿಗೆ ಇತ್ತು. ಕಣ್ಣಿಗೆ ಕಾಣದು, ಸವರಿದರೆ ಸಿಗದು. ಬಳೆ ಏರಿಸಲು ಅಂಗೈ ಮಡಿಸಿ ಹಿಸುಕಿದಾಗ ಮಾತ್ರ ಎದ್ದು ಅಡ್ಡ ನಿಲ್ಲುತ್ತಿತ್ತು. ನಯನಾಳಿಗೂ ಅದು ಗೊತ್ತಿರಲಿಲ್ಲ, ಹೆತ್ತವಳಿಗೂ ಇಲ್ಲ. ಪೊಲೀಸರು ವಿಚಾರಿಸಿದಾಗ ಬಂದಾಕೆ ಇನ್ನೆರಡು ಊರುಗಳಲ್ಲೂ ಕಳೆದುಹೋದ ಮಗಳಾಗಿ ಒಡವೆ ಹೊಡೆದವಳೆಂದು ತಿಳಿಯಿತು. ಠಾಣೆಯವರು ‘ನಮ್ಮ ಪತ್ತೇದಾರ ಅಜ್ಜಿ’ ಎಂದು ಶಾಲು ಹೊದಿಸಿದರು. ಹಜೀರಾಬೀ ಅದನ್ನು ಹೊದ್ದುಕೊಂಡೇ ಆರು ತಿಂಗಳು ಓಣಿ ಸುತ್ತಿದಳು. ಸುಳ್ಳು ಯಾಕೆ, ಬೀಗಿದಳು.

ಈ ಮಾರ್ಚ್‌ನಲ್ಲಿ ಇನ್ನೊಬ್ಬಳು ಬಂದಳು. ಅರ್ಧ ನರೆತ ಕೂದಲು, ಎಡಗೈಯಲ್ಲಿ ಗಡಿಯಾರ, ಕಡಿಮೆ ಮಾತು. ಕಾಲಿಗೆ ಬೀಳಲಿಲ್ಲ, ಅಳಲಿಲ್ಲ. ‘ಅವ್ವಾ, ಬರೋದು ತಡ ಆತು’ ಎಂದಳಷ್ಟೆ. ಗಂಡನ ಕಡೆಯವರು ಮದುವೆಯಲ್ಲಿ ಹೆಸರು ಬದಲಿಸಿದ್ದರಿಂದ ಆಧಾರ್ ಕಾರ್ಡಿನಲ್ಲಿ ಬೇರೆ ಹೆಸರು. ಮನೆಯ ವ್ಯವಹಾರ ನೋಡಿಕೊಳ್ಳುತ್ತಿದ್ದ ವಾಮದೇವಪ್ಪನ ತಮ್ಮನ ಮಗ ಬಕ್ಕೇಶ್, ‘ಒಂದ್ಸಲ ಬಾಯಿ ಸುಟ್ಕೊಂಡೀವಿ ದೊಡ್ಡವ್ವ. ಬಳೆ ಬೂಬಮ್ಮ ಬಂದು ಕೈ ನೋಡ್ಲಿ’ ಎಂದ. ಹಾಗೆ ಇಪ್ಪತ್ತಾರು ವರ್ಷದ ತೀರ್ಪು ಒಬ್ಬ ಮುದುಕಿಯ ಬೆರಳುಗಳ ಮೇಲೆ ಬಂದು ನಿಂತಿತು.

ಅಷ್ಟರಲ್ಲಿ ಹಜೀರಾಬೀಯ ಮೊಣಕಾಲು ಮಡಚುವುದನ್ನು ಬಿಟ್ಟಿತ್ತು. ‘ಕೆಳಗೆ ಬ್ಯಾಡ್ರಿ, ಇಲ್ಲೇ ಕೂಡ್ರಿ’ ಎಂದು ಬಕ್ಕೇಶ್ ಆಕೆಯನ್ನು ದಿವಾನದ ಮೇಲೆ, ಬಂದವಳ ಪಕ್ಕದಲ್ಲೇ ಕೂರಿಸಿದ. ಬಂದವಳು ಎರಡೂ ಕೈ ಚಾಚಿದಳು. ಹಜೀರಾಬೀ ಕಣ್ಣು ಮುಚ್ಚಿ, ಬಲಕ್ಕಿದ್ದ ಕೈಯನ್ನು ಹಿಡಿದು ಹಿಸುಕಿದಳು. ಬಳೆ ಸರಾಗವಾಗಿ ಏರಿತು, ಕಾಳು ಏಳಲಿಲ್ಲ. ಇನ್ನೊಂದು ಕೈಯನ್ನು ಮುಟ್ಟಲೂ ಇಲ್ಲ. ‘ಅಲ್ಲ’ ಎಂದಳು.

‘ಬೂಬಮ್ಮ, ನೀವೂ ಹಂಗಂತೀರಾ?’ ಎಂದಳು ಬಂದವಳು. ಬಳೆ ತೆಗೆದಿಟ್ಟು ಎದ್ದಳು. ಕಸ್ತೂರಮ್ಮ ಗೋಡೆಯ ಕಡೆ ಮುಖ ತಿರುಗಿಸಿದರು. ಬಂದವಳು ಇಳಿದುಕೊಂಡಿದ್ದ ಹರಿಹರದ ಛತ್ರದಲ್ಲೇ ಮರುದಿನ ಮಧ್ಯಾಹ್ನದವರೆಗೆ ಇರಬೇಕು, ಪೊಲೀಸರು ಬರುತ್ತಾರೆ ಎಂದು ಬಕ್ಕೇಶ್ ಆಕೆಗೆ ಬಾಗಿಲಲ್ಲಿ ಹೇಳಿದ. ಆಕೆ ಆಗಲಿ ಎಂದು ತಲೆಯಾಡಿಸಿದಳು.

ಮನೆಗೆ ಬಂದ ಹಜೀರಾಬೀಗೆ ಉಂಡದ್ದು ರುಚಿಸಲಿಲ್ಲ. ಸುಳ್ಳುಗಾರ್ತಿ ‘ನೀವೂ’ ಎನ್ನುತ್ತಾಳೆಯೇ? ಮರುದಿನ ಬೆಳಿಗ್ಗೆ, ನಿಕಾಹ್‌ಗೆ ಹೊರಟ ನುಜತ್ ಬಳೆ ಇಡಿಸಿಕೊಳ್ಳಲು ಕುರ್ಚಿಯ ಎದುರಿಗೆ ಬಂದು ಕೂತಳು. ಹಜೀರಾಬೀ ಎಂದಿನಂತೆ ತನ್ನ ಬಲಕ್ಕೆ ಬಂದ ಕೈಯನ್ನು ಹಿಡಿದಳು. ಬೆರಳಿಗೆ ಗಡಿಯಾರ ತಗುಲಿತು.

‘ಇದ್ಯಾವ ಕೈಯವ್ವ?’

‘ಎಡಗೈ, ಅಮ್ಮಾ.’

‘ನಿನ್ನೆ ನಾನು ಹಿಡಿದ ಕೈಯಾಗೆ ಗಡಿಯಾರ ಇರಲಿಲ್ಲ.’

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ, ಹಜೀರಾಬೀಗೆ ಬೇಕಾಯಿತು. ಎದುರು ಕೂತವರ ಎಡಗೈ ಆಕೆಯ ಬಲಕ್ಕೆ ಬರುತ್ತದೆ. ಪಕ್ಕದಲ್ಲಿ ಕೂತವರದು ಹಾಗಲ್ಲ; ಅಲ್ಲಿ ಬಲಕ್ಕಿರುವುದು ಬಲಗೈಯೇ. ಐವತ್ತೈದು ವರ್ಷ ಎದುರಿಗೇ ಕೂತವಳಿಗೆ ಈ ಲೆಕ್ಕ ಯಾವತ್ತೂ ಬೇಕಾಗಿರಲಿಲ್ಲ. ಕಾಳಿದ್ದದ್ದು ಎಡಗೈಯಲ್ಲಿ; ತಾನು ಹಿಸುಕಿ ಬಂದದ್ದು ಬಲಗೈಯನ್ನು.

‘ಹರಿಹರಕ್ಕೆ ನಡಿ’ ಎಂದಳು ಮಗನಿಗೆ. ಆಸಿಮ್‌ಗೆ ಸ್ವಂತ ಆಟೊ ಇತ್ತು, ಆದರೆ ಮನಸ್ಸಿರಲಿಲ್ಲ. ‘ಸುಮ್ನಿರು ಅಮ್ಮಾ. ಅಜ್ಜಿಗೆ ಅರಳು ಮರಳು ಅಂತ ಊರೆಲ್ಲ ನಗ್ತದೆ. ಇದೊಂದು ಹೆಸರು ಉಳಿದೈತೆ ನಿಂಗೆ.’

‘ಆಕಿಗೆ ಅದೂ ಉಳಿದಿಲ್ಲಲ್ಲೋ’ ಎಂದಳು ಹಜೀರಾಬೀ.

ಹದಿನೈದು ಕಿಲೋಮೀಟರ್ ದಾರಿಯುದ್ದಕ್ಕೂ ಆಕೆಯ ತಲೆ ಗಿರಗಟ್ಟಲೆಯಾಯಿತು. ಕಾಳು ಎಡಗೈಯಲ್ಲೇ ಇತ್ತೇ, ಅಥವಾ ಅದೂ ಮುಪ್ಪಿನ ಕಲ್ಪನೆಯೇ? ಅಸಲಿಗೆ ಅದು ನಯನಾಳದೇ, ಇನ್ಯಾವಳದೋ? ಹಾಗಿದ್ದರೆ ಹೋದ ವರ್ಷ ಜೈಲಿಗೆ ಹೋದಾಕೆ? ಆಗ ಕೂತದ್ದು ಚಾಪೆಯ ಮೇಲೆ, ಎದುರಿಗೆ, ಅದು ಸರಿ. ಸರಿ ಹೌದೋ ಅಲ್ಲೋ? ಕೋಟಿನ ಜೇಬಿನೊಳಗೆ ಕೈಬಿಟ್ಟು ಒಂದೊಂದೇ ಬಳೆ ಎಣಿಸುತ್ತ, ಎಣಿಕೆಯೂ ತಪ್ಪಿ, ಆಕೆ ಮಗುವಿನಂತೆ ಹೆದರಿದಳು. ತುಂಗಭದ್ರೆಯ ಗಾಳಿ ಮುಖಕ್ಕೆ ಬಡಿದಾಗಲೇ ಹರಿಹರ ಬಂದದ್ದು ತಿಳಿಯಿತು.

ಛತ್ರದ ಮೆಟ್ಟಿಲ ಮೇಲೆ ಚೀಲ ಪಕ್ಕಕ್ಕಿಟ್ಟುಕೊಂಡು ಆ ಹೆಂಗಸು ಕೂತಿದ್ದಳು. ಹಜೀರಾಬೀ ಆಸಿಮ್‌ನ ತೋಳು ಹಿಡಿದು, ನರಳುತ್ತ, ಅವಳೆದುರಿಗೆ ನೆಲಕ್ಕೇ ಕುಳಿತಳು.

‘ಎರಡೂ ಕೈ ಕೊಡವ್ವ.’

‘ಬ್ಯಾಡ್ರಿ ಬೂಬಮ್ಮ. ನಿನ್ನೆ ನೋಡಿದ್ರಲ್ಲ.’

‘ನಿನ್ನೆ ನಾನು ತಪ್ಪು ಕೂತಿದ್ದೆ’ ಎಂದಳು ಹಜೀರಾಬೀ. ಗಡಿಯಾರ ಬಿಚ್ಚಿ, ಬೆರಳು ಒಟ್ಟುಮಾಡಿ, ಅಂಗೈ ಮಡಿಸಿ ಹಿಸುಕಿದಳು. ಬಳೆ ಅರ್ಧಕ್ಕೆ ಬಂದು ನಿಂತಿತು. ಕಿರುಬೆರಳಿನ ಬುಡದಲ್ಲಿ ಕಾಳು ಎದ್ದಿತ್ತು. ಹಳೆಯ ರೂಢಿಯಂತೆ ಬಳೆಯನ್ನು ಓರೆ ಮಾಡಿ, ಮೆಲ್ಲಗೆ ಒತ್ತಿ ದಾಟಿಸಿದಳು. ಆಮೇಲೆ ಆ ಕೈಯನ್ನು ಬಿಡದೆ, ಬಾಯಿಬಿಟ್ಟು ಅತ್ತಳು.

ಚೌಕಿಪೇಟೆಯಲ್ಲಿ ಬಕ್ಕೇಶ್ ಬಾಗಿಲಿಗೆ ಅಡ್ಡ ನಿಂತ. ಅವನ ಪ್ರಶ್ನೆ ನ್ಯಾಯವಾದದ್ದೇ. ‘ನಿನ್ನೆ ಅಲ್ಲ ಅಂದ್ರಿ, ಇವತ್ತು ಹೌದು ಅಂತೀರಿ. ನಾಳೆ ಏನಂತೀರಿ?’

‘ನಾಳೆ ನಂಗೆ ನನ್ನ ಹೆಸರೇ ನೆಪ್ಪಿರ್ತೈತೋ ಇಲ್ಲೋ ತಮ್ಮಾ. ಅದಕ್ಕ ಇವತ್ತೇ ಬಂದೀನಿ.’ ಅಷ್ಟು ಹೇಳಿ, ಜನ್ಮದಲ್ಲಿ ಮೊದಲ ಸಲ ಒಂದು ಕೈಯ ಗುಟ್ಟನ್ನು ಬಯಲಿಗಿಟ್ಟಳು. ಕಸ್ತೂರಮ್ಮನ ಬೆರಳನ್ನು ತನ್ನ ಬೆರಳ ಕೆಳಗೆ ಇಟ್ಟುಕೊಂಡು ಮಗಳ ಅಂಗೈಯನ್ನು ಹೇಗೆ ಹಿಸುಕಬೇಕೆಂದು ತೋರಿಸಿದಳು. ‘ಇನ್ನು ಯಾರು ಬಂದ್ರೂ ನೀವೇ ನೋಡ್ರಿ, ಕಸ್ತೂರಮ್ಮಾರ. ನನ್ನ ಕರೀಬ್ಯಾಡ್ರಿ.’ ಕಸ್ತೂರಮ್ಮ ಆ ಕಾಳನ್ನು ಒಮ್ಮೆ ಒತ್ತಿದರು, ಇನ್ನೊಮ್ಮೆ ಒತ್ತಿದರು. ‘ಹೆತ್ತ ನಂಗೆ ಇದು ಗೊತ್ತಿರಲಿಲ್ಲಲ್ಲೇ’ ಎಂದರು. ಮಂಡಕ್ಕಿ ತರಲು ಬಕ್ಕೇಶ್ ತಾನೇ ಹೊರಗೆ ಹೋದ.

ಊರು ನಕ್ಕಿತು, ಆಸಿಮ್ ಹೇಳಿದ್ದು ಸುಳ್ಳಾಗಲಿಲ್ಲ. ಪೊಲೀಸರ ಶಾಲು ಈಗ ಹಜೀರಾಬೀಯ ಮೊಣಕಾಲಿಗೆ ಸುತ್ತಿಕೊಳ್ಳಲು ಆಗುತ್ತಿದೆ. ಪತ್ತೇದಾರಿ ಕಥೆಗಳಲ್ಲಿ ಚತುರರು ಕೊನೆಯ ಪುಟದಲ್ಲಿ ಬೆರಳು ತೋರಿಸಿ ನಿಲ್ಲುತ್ತಾರೆ. ಕಥೆ ಅಲ್ಲಿಗೆ ಮುಗಿಯುತ್ತದೆ, ಬೆರಳು ಮಾತ್ರ ತಪ್ಪುವುದೇ ಇಲ್ಲ. ಹಜೀರಾಬೀಯಂಥ ಮುದುಕಿಯರ ಕುಲ ಬೇರೆ. ನೆನಪು ಕೈಕೊಟ್ಟಿರುತ್ತದೆ, ಕಾಲು ಸೋತಿರುತ್ತದೆ, ಆಡಿದ ಪ್ರತಿ ಮಾತಿನ ಹಿಂದೆಯೂ ‘ಹೌದೋ ಅಲ್ಲೋ’ ಎಂಬ ಅನುಮಾನ ಬಾಲದಂತೆ ಬರುತ್ತಿರುತ್ತದೆ. ಆದರೂ ತೋರಿಸಿದ ಬೆರಳು ತಪ್ಪೆಂದು ತಿಳಿದ ಬೆಳಿಗ್ಗೆ, ಆ ಬೆರಳನ್ನು ಮಡಚಿಕೊಂಡು, ಬಾರದ ಕಾಲನ್ನು ಎಳೆದುಕೊಂಡು ಹರಿಹರಕ್ಕೆ ಹೊರಡುವವರು ಅವರೇ.